ತುಣುಕಿನ ಒಡೆತನ: ಹ್ಯಾಂಕ್ ಶಾಕ್ಲಿಯವರ ವಾದದ ಪರಿಶೀಲನೆ

ಅಮೆರಿಕದ ಹಿಪ್-ಹಾಪ್ ಸಂಗೀತದಲ್ಲಿ ಎಲ್ಲರ ಕಣ್ಣಿಗೆ ಬೀಳುವವನು ಮಾತನ್ನು ಹಾಡಾಗಿಸುವ ರ್‍ಯಾಪರ್. ಆ ಮಾತಿಗೆ ನೆಲಗಟ್ಟು ಹಾಕುವ ಬೀಟ್‌ಮೇಕರ್ ಮರೆಯಲ್ಲಿಯೇ ಉಳಿಯುತ್ತಾನೆ. ಹಳೆಯ ಧ್ವನಿಮುದ್ರಿಕೆಗಳಿಂದ ಡ್ರಮ್ಮಿನ ಒಂದು ಹೊಡೆತ, ಸ್ಯಾಕ್ಸೋಫೋನಿನ ಒಂದು ಕೂಗು, ಭಾಷಣದ ಒಂದು ತುಣುಕು ಇವನ್ನು ಆಯ್ದು, ಯಂತ್ರದಲ್ಲಿ ಜೋಡಿಸಿ, ಹೊಸದೊಂದು ಬಂಧವನ್ನು ಕಟ್ಟುವುದು ಅವನ ಕಸುಬು. ಈ ಕಸುಬುದಾರರು ತಮ್ಮ ಕಲೆಯನ್ನೂ ಅದನ್ನು ಮಾರುವ ವ್ಯಾಪಾರವನ್ನೂ ಕುರಿತು ಆಡಿದ ಮಾತುಗಳು ಸಂದರ್ಶನಗಳಲ್ಲಿ ಚದುರಿಹೋಗಿವೆ. ಪಬ್ಲಿಕ್ ಎನಿಮಿ ತಂಡದ ಹ್ಯಾಂಕ್ ಶಾಕ್ಲಿ ಮತ್ತು ಚಕ್ ಡಿ ಅವರು 2002ರಲ್ಲಿ ‘ಸ್ಟೇ ಫ್ರೀ’ ಎಂಬ ಪತ್ರಿಕೆಗಾಗಿ ಕೆಂಬ್ರೂ ಮೆಕ್ಲಿಯಡ್ ಅವರೊಡನೆ ನಡೆಸಿದ ಸಂಭಾಷಣೆ ಅವುಗಳಲ್ಲಿ ಮಹತ್ವದ್ದು. ಪದ್ಯಗಳ ಆಕರವನ್ನು ಹುಡುಕುವುದರಲ್ಲಿಯೇ ಆಯುಷ್ಯದ ಬಹುಪಾಲನ್ನು ಕಳೆದ ನಮಗೆ ಆ ಸಂಭಾಷಣೆ ಅಪರಿಚಿತವೆನಿಸಲಿಲ್ಲ. ಅದನ್ನು ಪರಿಶೀಲಿಸಲು ತೊಡಗಿರುವುದು ಆ ಕಾರಣದಿಂದಲೇ.

ಶಾಕ್ಲಿಯವರು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸ್ಪೆಕ್ಟ್ರಮ್ ಸಿಟಿ ಎಂಬ ಸಂಚಾರಿ ಡಿಜೆ ತಂಡವನ್ನು ನಡೆಸುತ್ತಿದ್ದವರು. ಅನಂತರ ಸಹೋದರ ಕೀತ್, ಎರಿಕ್ ಸ್ಯಾಡ್ಲರ್ ಮತ್ತು ಚಕ್ ಡಿ ಇವರೊಡನೆ ಬಾಂಬ್ ಸ್ಕ್ವಾಡ್ ಎಂಬ ನಿರ್ಮಾಪಕ ಬಳಗವನ್ನು ಕಟ್ಟಿದರು. ಅವರ ಕೈಯಲ್ಲಿದ್ದ ಸಾಧನಗಳು ಅಲ್ಪವಾದವು. 1987ರಲ್ಲಿ ಮಾರುಕಟ್ಟೆಗೆ ಬಂದ ಎಸ್‌ಪಿ-1200 ಎಂಬ ಯಂತ್ರ ಒಟ್ಟು ಹತ್ತು ಸೆಕೆಂಡುಗಳಷ್ಟು ಧ್ವನಿಯನ್ನು ಮಾತ್ರ ಹಿಡಿದಿಡಬಲ್ಲದು. ಆ ಕಾಲದ ಬೀಟ್‌ಮೇಕರ್‌ಗಳು 33 ಸುತ್ತಿನ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ, ಕುಗ್ಗಿದ ಧ್ವನಿಯನ್ನು ಯಂತ್ರಕ್ಕೆ ತುಂಬಿ, ಒಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಇದರಿಂದ ಸ್ಥಳವೂ ಉಳಿಯಿತು, ಧ್ವನಿಗೆ ಒಂದು ಬಗೆಯ ಒರಟುತನವೂ ಬಂತು. 1988ರ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್’ ಹಾಗೂ 1990ರ ‘ಫಿಯರ್ ಆಫ್ ಎ ಬ್ಲ್ಯಾಕ್ ಪ್ಲ್ಯಾನೆಟ್’ ಆಲ್ಬಮ್‌ಗಳಲ್ಲಿ ಇಂಥ ತುಣುಕುಗಳು ಪದರಪದರವಾಗಿ ಒತ್ತೊತ್ತಿಕೊಂಡಿವೆ. ತಟ್ಟೆಯಿಂದ ತೆಗೆದ ಗಿಟಾರಿನ ಪೆಟ್ಟಿಗೂ ಸ್ಟುಡಿಯೋದಲ್ಲಿ ಹೊಸದಾಗಿ ನುಡಿಸಿದ ಗಿಟಾರಿನ ಪೆಟ್ಟಿಗೂ ಕಿವಿಯಲ್ಲಿ ವ್ಯತ್ಯಾಸವಿದೆ ಎಂದು ಶಾಕ್ಲಿಯವರು ಹೇಳುತ್ತಾರೆ. ಇದು ಬಹು ಸೂಕ್ಷ್ಮವಾದ ಮಾತು. ಅವರಿಗೆ ಬೇಕಾದದ್ದು ರಾಗವಷ್ಟೇ ಅಲ್ಲ. ಆ ರಾಗ ಒಮ್ಮೆ ಮುದ್ರಣಗೊಂಡು ಕೇಳಿಬಂದಿದ್ದ ಬಗೆಯೂ ಬೇಕು.

ಈ ಬಂಧ ಏಕೆ ಅಳಿಯಿತೆಂಬುದಕ್ಕೆ ಅವರು ಕೊಡುವ ಉತ್ತರ ವ್ಯಾಪಾರಕ್ಕೆ ಸಂಬಂಧಿಸಿದುದು. ಅಮೆರಿಕದ ಕಾನೂನಿನಲ್ಲಿ ಒಂದು ಹಾಡಿಗೆ ಎರಡು ಹಕ್ಕುಗಳಿವೆ: ರಚನೆಯದೊಂದು, ಧ್ವನಿಮುದ್ರಣದ್ದೊಂದು. ತುಣುಕು ಎತ್ತಿದವನು ಎರಡಕ್ಕೂ ಅನುಮತಿ ಪಡೆಯಬೇಕು. 1980ರ ದಶಕದಲ್ಲಿ ಈ ವಿಷಯದಲ್ಲಿ ಸಡಿಲತನವಿತ್ತು. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಕೆವಿನ್ ಡಫಿ ಅವರು ಬಿಜ್ ಮಾರ್ಕಿ ಎಂಬ ರ್‍ಯಾಪರ್ ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ತುಣುಕನ್ನು ಬಳಸಿದ್ದರ ವಿರುದ್ಧ ತೀರ್ಪು ಕೊಟ್ಟರು. ತೀರ್ಪು ಆರಂಭವಾಗುವುದು ಕದಿಯಬೇಡವೆಂಬ ಬೈಬಲ್ಲಿನ ಆಜ್ಞೆಯಿಂದ. ಮುಗಿಯುವುದು ಕ್ರಿಮಿನಲ್ ಮೊಕದ್ದಮೆಯ ಸೂಚನೆಯಿಂದ. ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಬೆಲೆ ಬಂತು. ನಿಗದಿತ ಸಂಖ್ಯೆಯ ಪ್ರತಿಗಳು ಮಾರಾಟವಾದ ಮೇಲೆ ಮತ್ತೆ ಹಣ ಕಟ್ಟಬೇಕೆಂಬ ಕರಾರುಗಳೂ ಇದ್ದವು. ಒಂದು ಹಾಡಿಗೆ ಒಂದೇ ತುಣುಕನ್ನು ಬಳಸುವವನು ಹೇಗೋ ಬದುಕಿಕೊಂಡ. ಹತ್ತಾರನ್ನು ಬಳಸುವವನ ಶೈಲಿಯೇ ಅಸಾಧ್ಯವಾಯಿತು. ಮೆಕ್ಲಿಯಡ್ ಮತ್ತು ಪೀಟರ್ ಡಿಕೋಲಾ ಅವರು 2011ರ ತಮ್ಮ ಗ್ರಂಥದಲ್ಲಿ ಮಾಡಿದ ಅಂದಾಜಿನಂತೆ, ಹೊಸ ದರದಲ್ಲಿ ಅನುಮತಿ ಪಡೆದಿದ್ದರೆ 1990ರ ಆಲ್ಬಮ್ಮಿನ ಪ್ರತಿಯೊಂದು ಪ್ರತಿಯ ಮೇಲೂ ನಾಲ್ಕು ಡಾಲರಿಗೆ ಮೀರಿದ ನಷ್ಟ ಉಂಟಾಗುತ್ತಿತ್ತು. ಹಣವಿದ್ದವರು ಬೇರೆ ದಾರಿ ಹಿಡಿದರು: ವಾದ್ಯಗಾರರನ್ನು ಕರೆಸಿ ಹಳೆಯ ರಾಗವನ್ನು ಹೊಸದಾಗಿ ನುಡಿಸಿದರೆ ರಚನೆಯ ಹಕ್ಕಿಗೆ ಮಾತ್ರ ಹಣ ಕೊಟ್ಟರೆ ಸಾಕು. ಡಾಕ್ಟರ್ ಡ್ರೇ ಅವರ 1992ರ ‘ದ ಕ್ರಾನಿಕ್’ ಬಹುಮಟ್ಟಿಗೆ ಈ ದಾರಿಯದು. ಶಾಕ್ಲಿಯವರ ವಾದದ ಈ ಭಾಗವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಶೈಲಿಯ ಚರಿತ್ರೆಯನ್ನು ಅಭಿರುಚಿಯ ಬದಲಾವಣೆಯಿಂದಲೇ ವಿವರಿಸುವ ನಮ್ಮ ವಿಮರ್ಶೆಯ ವಾಡಿಕೆಗೆ ಇದು ಒಳ್ಳೆಯ ಎಚ್ಚರಿಕೆ.

ನ್ಯಾಯಾಲಯದ ಮಾನದಂಡ ಹೇಗಿದ್ದಿರಬಹುದಾಗಿತ್ತು ಎಂದು ಯೋಚಿಸುವಾಗ ನಮಗೆ ಸಹಜವಾಗಿಯೇ ರಾಜಶೇಖರನ ಕಾವ್ಯಮೀಮಾಂಸೆ ನೆನಪಾಗುತ್ತದೆ. ಹತ್ತನೆಯ ಶತಮಾನದ ಈ ಲಾಕ್ಷಣಿಕ ಹರಣವನ್ನು ಒಂದೇ ಅಪರಾಧವೆಂದು ಎಣಿಸುವುದಿಲ್ಲ. ಪಡೆದದ್ದನ್ನು ಮಾತು ಬದಲಿಸಿ ಹಾಗೆಯೇ ಇರಿಸಿದ ‘ಪ್ರತಿಬಿಂಬಕಲ್ಪ’ ಬೇರೆ, ಕೊಂಚ ಸಂಸ್ಕರಿಸಿದ ‘ಆಲೇಖ್ಯಪ್ರಖ್ಯ’ ಬೇರೆ; ಮೂಲ ಒಂದೇ ಆಗಿದ್ದು ಕಟ್ಟಡ ದೂರ ಸರಿದುದು ‘ಪರಪುರಪ್ರವೇಶ’. ಅವನು ಅಳೆಯುವುದು ಪರಿವರ್ತನೆಯನ್ನು. 2005ರಲ್ಲಿ ಅಮೆರಿಕದ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರಿನ ತುಣುಕಿಗೂ ಪರವಾನಗಿ ಬೇಕೆಂದಾಗ ಅಳೆದದ್ದು ಸ್ವಾಮ್ಯವನ್ನು. 2016ರಲ್ಲಿ ಒಂಬತ್ತನೆಯ ವಲಯದ ನ್ಯಾಯಾಲಯ ಇದಕ್ಕೆ ಭಿನ್ನವಾದ ತೀರ್ಪನ್ನು ಕೊಟ್ಟಿತೆಂಬುದನ್ನೂ ಇಲ್ಲಿ ಹೇಳಬೇಕು.

ಆದರೆ ಶಾಕ್ಲಿಯವರ ವಾದದ ಚೌಕಟ್ಟಿನಲ್ಲಿ ನಮಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿರುವುದು ಎರಡೇ ಪಕ್ಷ: ತುಣುಕನ್ನು ಎತ್ತುವ ಕಲಾವಿದ, ಅದರ ಹಕ್ಕನ್ನು ಹಿಡಿದುಕೊಂಡ ಸಂಸ್ಥೆ. ತುಣುಕನ್ನು ನುಡಿಸಿದವನಿಗೆ ಅಲ್ಲಿ ಪೀಠವಿಲ್ಲ. ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ 1969ರಲ್ಲಿ ಮುದ್ರಣಗೊಂಡು 1970ರಲ್ಲಿ ಹೊರಬಂತು. ಅದರ ನಡುವೆ ಉಳಿದ ವಾದ್ಯಗಳು ಸುಮ್ಮನಾಗಿ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಡ್ರಮ್ಮೊಂದೇ ಕೇಳುವ ಕೆಲವು ಕ್ಷಣಗಳಿವೆ. ಪಬ್ಲಿಕ್ ಎನಿಮಿಯ ‘ಫೈಟ್ ದ ಪವರ್’ ಮೊದಲಾಗಿ ಅಸಂಖ್ಯ ಹಾಡುಗಳು ನಿಂತಿರುವುದು ಆ ಕ್ಷಣಗಳ ಮೇಲೆ. ರಚನೆಯ ಹಕ್ಕಿನಲ್ಲಿ ಸ್ಟಬಲ್‌ಫೀಲ್ಡ್ ಅವರ ಹೆಸರಿಲ್ಲ. 1991ಕ್ಕೆ ಮುನ್ನ ಅವರಿಗೆ ರಾಯಲ್ಟಿ ಬರಲಿಲ್ಲ. ಕಾನೂನು ಬಿಗಿಯಾದ ಮೇಲೂ ಬರಲಿಲ್ಲ. ತುಣುಕಿನ ಬೆಲೆ ಏರಿದಾಗ ಹಣ ಹೋದದ್ದು ಹಕ್ಕುದಾರರಿಗೆ. ಹಣಕ್ಕಿಂತ ತಮ್ಮ ಹೆಸರನ್ನು ಹೇಳಿದರೆ ಸಾಕಿತ್ತೆಂಬ ಅರ್ಥದ ಮಾತನ್ನು ಅವರು ಸಂದರ್ಶನಗಳಲ್ಲಿ ಆಡಿದ್ದುಂಟು. 2017ರಲ್ಲಿ ಅವರು ತೀರಿಕೊಂಡರು.

ಹೆಸರನ್ನೇಕೆ ಹೇಳಲಿಲ್ಲ? ಇದಕ್ಕೆ ಇನ್ನೊಬ್ಬ ಬೀಟ್‌ಮೇಕರ್‌ನಲ್ಲಿ ಉತ್ತರವಿದೆ. ಗ್ಯಾಂಗ್ ಸ್ಟಾರ್ ತಂಡದ ಡಿಜೆ ಪ್ರೀಮಿಯರ್ ಅವರು 1998ರ ‘ಮೊಮೆಂಟ್ ಆಫ್ ಟ್ರೂತ್’ ಆಲ್ಬಮ್ಮಿನಲ್ಲಿಯೇ, ಮೂಲ ಹಾಡುಗಳ ಸಂಕಲನಗಳನ್ನು ಹೊರತಂದು ಯಾರು ಯಾವುದನ್ನು ಬಳಸಿದರೆಂದು ಹಿಂಬದಿಯಲ್ಲಿ ಅಚ್ಚು ಹಾಕುವವರನ್ನು ಗುಟ್ಟು ರಟ್ಟು ಮಾಡುವವರೆಂದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಕವಿಯನ್ನೂ ವರ್ತಕನನ್ನೂ ಕಳ್ಳತನದ ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿ, ಬಚ್ಚಿಡಬಲ್ಲವನಿಗೆ ಅಪವಾದವಿಲ್ಲವೆನ್ನುವ ರಾಜಶೇಖರ ಇಲ್ಲಿದ್ದರೆ ನಕ್ಕುಬಿಡುತ್ತಿದ್ದನೇನೋ. ಪ್ರೀಮಿಯರ್ ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ: ಆಕರವನ್ನು ಹೇಳುವುದೆಂದರೆ ಸಾಲಪತ್ರಕ್ಕೆ ಸಹಿ ಹಾಕಿಕೊಟ್ಟಂತೆ. ಕರ್ತೃವಿನ ರಕ್ಷಣೆಗೆಂದು ಬಂದ ಕಾನೂನು ಕರ್ತೃವಿನ ಹೆಸರನ್ನು ಉಚ್ಚರಿಸುವುದನ್ನೇ ಅಪಾಯಕರವಾಗಿಸಿತು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪ್ರಯೋಗಗಳ ಕೆಳಗೆ ಕವಿಗಳ ಹೆಸರನ್ನು ನಮೂದಿಸದಿದ್ದರೂ ಗ್ರಂಥದ ಮೊದಲಿನಲ್ಲಿ ತನಗೆ ಪ್ರಮಾಣವಾದ ಕವಿಗಳನ್ನು ಹೆಸರಿಸುತ್ತಾನೆ. ಅದಕ್ಕಾಗಿ ಅವನು ತೆರಬೇಕಾದದ್ದು ಏನೂ ಇರಲಿಲ್ಲ. ಆ ಪಟ್ಟಿ ಇಲ್ಲದಿದ್ದರೆ ಕೃತಿ ಕಳೆದುಹೋಗಿರುವ ಕೆಲವು ಕವಿಗಳ ವಿಷಯದಲ್ಲಿ ನಮ್ಮ ಸಾಹಿತ್ಯಚರಿತ್ರೆ ಇನ್ನೂ ಬಡವಾಗುತ್ತಿತ್ತು. ಹಿಪ್-ಹಾಪಿಗೆ ಅಂಥ ಪಟ್ಟಿಯನ್ನು ಅದರ ಕರ್ತೃಗಳೇ ಬರೆಯುವ ಅವಕಾಶ ತಪ್ಪಿತು.

2002ರಲ್ಲಿ ಪ್ರಶ್ನೆ ಕೇಳಿದ್ದ ಮೆಕ್ಲಿಯಡ್ ಅವರೇ ಬೆಂಜಮಿನ್ ಫ್ರಾಂಜೆನ್ ಅವರೊಡನೆ ಮಾಡಿದ 2009ರ ‘ಕಾಪಿರೈಟ್ ಕ್ರಿಮಿನಲ್ಸ್’ ಸಾಕ್ಷ್ಯಚಿತ್ರದಲ್ಲಿ ಸ್ಟಬಲ್‌ಫೀಲ್ಡ್ ಅವರನ್ನು ಡ್ರಮ್ಮಿನೊಡನೆ ಕ್ಯಾಮೆರಾದ ಮುಂದೆ ಕೂರಿಸಿದರೆಂಬುದು ಗಮನಾರ್ಹ. ಎಲ್ಲರಿಗೂ ಅಷ್ಟು ಅದೃಷ್ಟವಿರಲಿಲ್ಲ. ‘ದ ವಿನ್‌ಸ್ಟನ್ಸ್’ ತಂಡದ 1969ರ ‘ಆಮೆನ್, ಬ್ರದರ್’ ಹಾಡಿನ ಕೆಲವೇ ಸೆಕೆಂಡುಗಳ ಡ್ರಮ್ ಸಾವಿರಾರು ಮುದ್ರಿಕೆಗಳಲ್ಲಿ ಮರುಬಳಕೆಯಾಗಿದೆ. ಅದಕ್ಕೆ ಕೃತಜ್ಞತೆಯೆಂದು ಸಂಗೀತಪ್ರಿಯರು 2015ರಲ್ಲಿ ಕೂಡಿಸಿದ ಸುಮಾರು 24,000 ಪೌಂಡುಗಳನ್ನು ಸ್ವೀಕರಿಸಿದವರು ತಂಡದ ನಾಯಕ ರಿಚರ್ಡ್ ಸ್ಪೆನ್ಸರ್. ಅದನ್ನು ನುಡಿಸಿದ ಗ್ರೆಗರಿ ಕೋಲ್ಮನ್ ಅವರು 2006ರಲ್ಲಿಯೇ ಮನೆಯಿಲ್ಲದ ಸ್ಥಿತಿಯಲ್ಲಿ ತೀರಿಕೊಂಡಿದ್ದರು.