ಕೊನೆಯ ಐಟಂ ಫ್ಯೂಷನ್

  ಮುಂಬೈಯ ‘ಜಾಝ್ ಯಾತ್ರಾ’ ಉತ್ಸವದ ಮಾತು ಬಂದಾಗಲೆಲ್ಲ ತಲೆಯೆತ್ತುವ ಒಂದು ಕಥೆಯನ್ನು ಇತ್ಯರ್ಥ ಮಾಡಬೇಕಿದೆ. ನಿರಂಜನ್ ಝವೇರಿ ಮುಂದೆ ನಿಂತು 1978ರಲ್ಲಿ ಶುರುಮಾಡಿದ ಉತ್ಸವ ಅದು. ಮೊದಲ ಸಲವೇ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸೋನಿ ರೋಲಿನ್ಸ್ ಬಂದು ನುಡಿಸಿದ್ದರು. 1980ರಲ್ಲಿ ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜೊತೆಗೂಡಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. ಸಭೆ ಮೆಚ್ಚಿತು, ಕದ್ರಿಯವರ ಹೆಸರು ಹೊರದೇಶಕ್ಕೂ ಹಬ್ಬಿತು. ಕಥೆ ಸತ್ಯ. ಆದರೆ ಅದರಿಂದ ನಮ್ಮ ಉತ್ಸವಗಳ ಸಂಘಟಕರು ಕಲಿತ ಪಾಠ ಮಾತ್ರ ತಲೆಕೆಳಗು. ಮಧ್ಯಾಹ್ನ ವಿಮಾನ ಇಳಿದ ಅತಿಥಿಯನ್ನೂ ಊರಿನ ಮೃದಂಗದವರನ್ನೂ ಸೌಂಡ್‌ಚೆಕ್ಕಿನಲ್ಲಿ ಪರಿಚಯಿಸಿ, ರಾತ್ರಿಯ ಕೊನೆಯ ಐಟಂ ಎಂದು ‘ಫ್ಯೂಷನ್’ ಬಡಿಸಿದರೆ ಹ್ಯಾಂಡಿ-ಕದ್ರಿ ಮತ್ತೆ ಹುಟ್ಟುತ್ತಾರೆಂದು ಅವರು ನಂಬಿದ್ದಾರೆ.

ಆ ಇಬ್ಬರೂ ಬರಿಗೈಯಲ್ಲಿ ಬಂದವರಾಗಿರಲಿಲ್ಲ. ಹ್ಯಾಂಡಿ ಅದಕ್ಕೆ ಐದು ವರ್ಷ ಮೊದಲೇ ಅಲಿ ಅಕ್ಬರ್ ಖಾನ್ ಮತ್ತು ಜಾಕಿರ್ ಹುಸೇನ್ ಜೊತೆ ‘ಕರುಣಾ ಸುಪ್ರೀಮ್’ ಮುದ್ರಿಸಿದ್ದರು. ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಆಸರೆಯಿಲ್ಲದೆ ಒಂದೇ ಷಡ್ಜದ ಮೇಲೆ ನಿಂತು ಬೆಳೆಸುವುದೆಂದರೇನೆಂದು ಖಾನರ ಸರೋದಿನ ಪಕ್ಕದಲ್ಲೇ ಕೂತು ತಿಳಿದಿದ್ದರು. ಇತ್ತ ಕದ್ರಿಯವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ವಾದ್ಯವನ್ನು ಗಮಕಕ್ಕೆ ಬಗ್ಗಿಸಲು ವರ್ಷಗಟ್ಟಲೆ ತೇದಿದ್ದರು. ಕೀಲಿಗಳಿಗೆ ಹುಟ್ಟಿದ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದು ಸುಲಭದ ಕೆಲಸವಲ್ಲ. ರಿಹರ್ಸಲ್ ಇಲ್ಲದ ಆ ಸಂಜೆಯ ಹಿಂದೆ ಎರಡು ದೀರ್ಘ ತಯಾರಿಗಳಿದ್ದವು.

ಇದಕ್ಕೆ ಸಿದ್ಧ ಆಕ್ಷೇಪವೊಂದಿದೆ: ಜಾಝ್ ಎಂದರೇ ಜ್ಯಾಮ್, ಅಪರಿಚಿತರು ಕೂಡಿ ನುಡಿಸುವುದೇ ಅದರ ಜೀವ. ಒಪ್ಪೋಣ. ನಮ್ಮ ಕಛೇರಿಯೂ ಹಾಗೇ ಅಲ್ಲವೇ? ಹಾಡುವವರನ್ನು ಪಿಟೀಲಿನವರು ಎಷ್ಟೋ ಸಲ ವೇದಿಕೆಯಲ್ಲೇ ಮೊದಲು ಕಾಣುತ್ತಾರೆ. ಇಂಥ ರಾಗ, ಇಂಥ ಕೃತಿ ಎಂದು ಪಿಸುಗುಟ್ಟಿದರೆ ಸಾಕು, ಕಲ್ಪನಾಸ್ವರದಲ್ಲಿ ತಡವರಿಸುವುದಿಲ್ಲ. ಏಕೆಂದರೆ ಇಬ್ಬರ ಬಳಿಯೂ ಒಂದೇ ಗಂಟಿದೆ. ಜಾಝ್‌ನವರಿಗೆ ಹನ್ನೆರಡು ಬಾರ್‌ಗಳ ಬ್ಲೂಸ್, ಗರ್ಶ್ವಿನ್‌ರ ‘ಐ ಗಾಟ್ ರಿದಂ’ ಹಾಡಿನ ಕಾರ್ಡ್ ಸರಣಿ ಅಂಥ ಗಂಟು. ಈ ಎರಡು ಗಂಟುಗಳ ನಡುವೆ ಹಂಚಿಕೆಯಾಗುವುದು ಬಲು ಕಡಿಮೆ: ಒಂದರಲ್ಲಿ ಕಾರ್ಡ್ ಬದಲಾದಂತೆ ಸ್ವರದ ಅರ್ಥವೂ ಬದಲಾಗುತ್ತದೆ, ಇನ್ನೊಂದರಲ್ಲಿ ತಂಬೂರಿ ಕದಲುವುದಿಲ್ಲ. ಹಾಗಾಗಿ ಅವಸರದ ಫ್ಯೂಷನ್ ಯಾವಾಗಲೂ ಅದೇ ಮೂಲೆಗೆ ಓಡುತ್ತದೆ: ಆದಿತಾಳ, ಮೋಹನ ಅಥವಾ ಹಂಸಧ್ವನಿ, ಆಮೇಲೆ ಮೃದಂಗಕ್ಕೂ ಡ್ರಮ್ಸ್‌ಗೂ ಸವಾಲ್-ಜವಾಬ್, ಕೊನೆಗೆ ಮೂರು ಸಲದ ಮುಕ್ತಾಯ, ಚಪ್ಪಾಳೆ. ಲೆಕ್ಕ ಸರಿ, ಸಂಗೀತ ಎಲ್ಲಿ?

ಸಂಗೀತ ಬೇಕಿದ್ದವರು 1983ರ ‘ಜ್ಯೋತಿ’ ಮುದ್ರಿಕೆ ಕೇಳಬೇಕು. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಚಾರ್ಲಿ ಮರಿಯಾನೊ. ಜಾಝ್ ರಚನಕಾರ ಮಿಂಗಸ್‌ರ ‘ಬ್ಲ್ಯಾಕ್ ಸೇಂಟ್’ ಮುದ್ರಿಕೆಯಲ್ಲಿ ಆಲ್ಟೊ ನುಡಿಸಿದ್ದ ಈ ಬಾಸ್ಟನ್ನಿಗ ಹಟ ಹಿಡಿದು ನಾಗಸ್ವರ ಕಲಿತವರು. ಪಿಯಾನೊ ಇಲ್ಲ, ಬಾಸ್ ಇಲ್ಲ. ಆರ್.ಎ. ರಮಾಮಣಿಯವರ ಕಂಠ, ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು. ಮರಿಯಾನೊ ತಮ್ಮ ಜಾಝ್ ಬಿಟ್ಟುಕೊಡುವುದಿಲ್ಲ, ಆದರೆ ಕಂಠ ನಿಂತಲ್ಲಿ ಅವಸರಪಟ್ಟು ತುಂಬುವುದೂ ಇಲ್ಲ, ಕಾಯುವುದನ್ನು ಬಲ್ಲರು. ಉತ್ಸವದ ಕೊನೆಯ ಐಟಂನಲ್ಲಿ ಯಾರಿಗೂ ಇರದ ಸೌಲಭ್ಯವೆಂದರೆ ಅದೇ. ‘ಕಲಬೆರಕೆಯೇ ಬೇಡ’ ಎನ್ನುವ ಸಭಾ ಪಂಡಿತರಿಗೂ ಇದೇ ಮುದ್ರಿಕೆ ಉತ್ತರ. ಪಿಟೀಲನ್ನೇ ಹೊರಗಿನಿಂದ ತಂದು ಮನೆಮಗುವಾಗಿಸಿಕೊಂಡ ಪದ್ಧತಿಯ ಪರವಾಗಿ ಮಡಿಯ ಮಾತು ಎತ್ತುವವರೊಡನೆ ಹೆಚ್ಚು ವಾದವೂ ಬೇಡ.

ಹಣವೆಲ್ಲಿ ಎಂದು ಸಂಘಟಕರು ಕೇಳಬಹುದು. ಹತ್ತು ತಂಡಗಳ ಬದಲು ಆರನ್ನು ಕರೆಯಿರಿ. ಉಳಿದ ದುಡ್ಡಿನಲ್ಲಿ ಒಬ್ಬ ಅತಿಥಿಯನ್ನು ಒಂದು ವಾರ ಊರಲ್ಲಿಟ್ಟುಕೊಳ್ಳಿ, ಸ್ಥಳೀಯರಿಗೆ ಅವರದೇ ಪೂರ್ತಿ ಒಂದು ಗಂಟೆ ಕೊಡಿ. ಕೂಡಿ ನುಡಿಸಬೇಕೋ ಬೇಡವೋ ಎಂಬುದನ್ನು ಅವರವರಿಗೇ ಬಿಡಿ. ಕೂಡಿಕೆಗೆ ಕಾಲ ಬೇಕು: ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪನವರಿಗೆ ಕದ್ರಿಯವರ ಮುದ್ರಿಕೆಯನ್ನು ತಮಾಷೆಗೆಂದು ಕೊಟ್ಟದ್ದು ಅವರ ಸೋದರ, ಬರ್ಕ್ಲೀಯಲ್ಲಿ ಓದುತ್ತಿದ್ದ ದಿನಗಳಲ್ಲಿ. ರುದ್ರೇಶ್ ಮತ್ತು ಕದ್ರಿ ಸೇರಿ ‘ಕಿನ್ಸ್‌ಮೆನ್’ ಹೊರತಂದದ್ದು 2008ರಲ್ಲಿ. ನಡುವಿನ ವರ್ಷಗಳನ್ನು ಯಾವ ಸಂಘಟಕರೂ ವ್ಯರ್ಥವೆಂದು ಬರೆದುಹಾಕಲಿಲ್ಲ, ಏಕೆಂದರೆ ಆ ದಿನಾಂಕ ಅವರ ಕೈಯಲ್ಲಿರಲಿಲ್ಲ.