ಶ್ರೀಮತಿ ಕ್ಯಾಮರನ್ನಳ ‘ಗಾಜಿನ ಮನೆ’

ಕಲೆಯೊಂದನ್ನು ಕಲಿಯತೊಡಗಿದವರು ತಮ್ಮ ಕೃತಿಯ ವಿಷಯದಲ್ಲಿ ಇತರರು ಆಡಿದ ಮಾತುಗಳನ್ನು ಹೇಗೆ ಬರಮಾಡಿಕೊಂಡರೆಂಬುದು ನಮಗೆ ತಿಳಿದುಬರುವುದು ಅಪೂರ್ವ. ಕೀರ್ತಿ ಬಂದ ಮೇಲೆ ಬರೆದ ಆತ್ಮಕಥೆಗಳಲ್ಲಿ ಹೊಗಳಿಕೆಗೆ ಪುಟಗಳು ದೊರೆತರೆ ತೆಗಳಿಕೆಗೆ ಒಂದೆರಡು ಸಾಲು ದೊರೆಯುವುದೂ ಕಷ್ಟ. ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಛಾಯಾಚಿತ್ರಕಾರ್ತಿ 1874ರಲ್ಲಿ ಬರೆದ ‘ಆನಲ್ಸ್ ಆಫ್ ಮೈ ಗ್ಲಾಸ್ ಹೌಸ್’, ಎಂದರೆ ‘ನನ್ನ ಗಾಜಿನ ಮನೆಯ ವೃತ್ತಾಂತ’, ಎಂಬ ಕಿರುಬರಹವು ಈ ದೃಷ್ಟಿಯಿಂದ ಅಧ್ಯಾಪಕರೆಲ್ಲರೂ ಓದತಕ್ಕದ್ದು. ಬರಹ ಪೂರ್ಣವಾಗಲಿಲ್ಲ. ಆಕೆ ತೀರಿಕೊಂಡ ಹತ್ತು ವರ್ಷಗಳ ತರುವಾಯ, 1889ರಲ್ಲಿ, ಅದು ಅಚ್ಚಾಯಿತು.

ಕ್ಯಾಮರನ್ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. ಆಕೆಯ ಪತಿ ಚಾರ್ಲ್ಸ್ ಹೇ ಕ್ಯಾಮರನ್ ಮೆಕಾಲೆಯೊಡನೆ ಭಾರತದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದವನು. ಸಂಸಾರವು ಇಂಗ್ಲೆಂಡಿಗೆ ಮರಳಿ ವೈಟ್ ದ್ವೀಪದಲ್ಲಿ ನೆಲೆಸಿದ ಮೇಲೆ, 1863ರ ಡಿಸೆಂಬರಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಆರು ಮಕ್ಕಳ ತಾಯಿ. ಈ ವಯಸ್ಸಿನಲ್ಲಿ ಆಕೆ ವಿದ್ಯಾರ್ಥಿನಿಯಾದಳು. ಕಲ್ಲಿದ್ದಲಿನ ಕೊಠಡಿ ಕತ್ತಲೆಕೋಣೆಯಾಯಿತು. ಕೋಳಿಗಳ ಮನೆಯೇ ಗಾಜಿನ ಮನೆಯಾಯಿತು. ಕೋಳಿಗಳನ್ನು ಬಿಟ್ಟುಬಿಟ್ಟರಂತೆ, ಯಾರೂ ತಿಂದಿರಲಾರರೆಂದು ಆಕೆ ನಂಬಿದ್ದಾಳೆ! ಮೊದಲ ಚಿತ್ರವು ಊರಿನ ಒಬ್ಬ ಬೇಸಾಯಗಾರನದು. ಗಾಜಿನ ಫಲಕದ ಹಸಿಲೇಪದ ಮೇಲೆ ತಾನೇ ಕೈಯಾಡಿಸಿ ಅದನ್ನು ಅಳಿಸಿಬಿಟ್ಟೆನೆಂದು ಆಕೆ ನಿಸ್ಸಂಕೋಚವಾಗಿ ಬರೆಯುತ್ತಾಳೆ. 1864ರ ಜನವರಿಯಲ್ಲಿ ಆ್ಯನಿ ಎಂಬ ಬಾಲಿಕೆಯ ಮುಖ ಫಲಕದ ಮೇಲೆ ಚೆನ್ನಾಗಿ ಮೂಡಿದಾಗ ಆಕೆ ಸಂತೋಷದಿಂದ ಮನೆಯೆಲ್ಲ ಓಡಾಡಿ, ಮಗುವಿಗೆ ಕೊಡಲು ಕಾಣಿಕೆಗಳನ್ನು ಹುಡುಕಿದಳು; ಚಿತ್ರವನ್ನೆಲ್ಲ ಆ ಮಗುವೇ ಮಾಡಿತೆಂದು ಆಕೆಗೆ ಅನ್ನಿಸಿತಂತೆ. ಈ ಭಾಗವೇ ಬರಹದ ಅತ್ಯಂತ ಸುಂದರ ಭಾಗ.

ಇನ್ನು ಇತರರ ಅಭಿಪ್ರಾಯಗಳ ಮಾತು. ಪತಿಯು ಪ್ರತಿಯೊಂದು ಚಿತ್ರವನ್ನೂ ಮೆಚ್ಚುತ್ತಿದ್ದನು. ಮನೆಯವರ ಮೆಚ್ಚುಗೆ ಉತ್ಸಾಹವನ್ನು ಕೊಡುತ್ತದೆ, ಕಣ್ಣನ್ನು ಕೊಡುವುದಿಲ್ಲ. ಕಿರಿಯ ಮಗ ಹೆನ್ರಿಯ ಮಾತು ಬೇರೆ ಬಗೆಯದು. ತಾಯಿಯ ಮೊದಲ ಮಸುಕು ಚಿತ್ರಗಳ ಯಶಸ್ಸು ಕೇವಲ ಆಕಸ್ಮಿಕವೆಂದು ಅವನು ಹೇಳಿದನು. ತಾಯಿ ಅದನ್ನು ಒಪ್ಪಿಕೊಂಡಿದ್ದಾಳೆ. ಒಪ್ಪಿಕೊಂಡು ಒಂದು ವಿವರಣೆಯನ್ನೂ ಸೇರಿಸುತ್ತಾಳೆ: ಮಸೂರವನ್ನು ಸರಿಸುತ್ತ ಹೋಗುವಾಗ ಬಿಂಬವು ಕಣ್ಣಿಗೆ ಸುಂದರವಾಗಿ ಕಂಡ ಕಡೆ ತಾನು ನಿಲ್ಲಿಸಿದೆ, ಇತರರಂತೆ ಇನ್ನೂ ಸ್ಪಷ್ಟವಾಗಲೆಂದು ತಿರುಪನ್ನು ತಿರುಗಿಸಲಿಲ್ಲ. ಆಕಸ್ಮಿಕವಾಗಿ ದೊರೆತದ್ದನ್ನು ಕಂಡು ಅಲ್ಲಿಯೇ ನಿಲ್ಲುವುದೂ ಒಂದು ಆಯ್ಕೆಯೇ ಎಂಬುದನ್ನು ಇಷ್ಟು ಸರಳವಾಗಿ ಹೇಳಿದವರು ವಿರಳ.

ಲಂಡನ್ನಿನ ಛಾಯಾಚಿತ್ರ ಸಂಘದ ವಿಷಯಕ್ಕೆ ಬಂದೊಡನೆ ಈ ಸೌಮ್ಯತೆ ಮಾಯವಾಗುತ್ತದೆ. ಸಂಘದ ಪತ್ರಿಕೆಯ ಟೀಕೆ ನಿರ್ದಯವಾದುದು, ಎದ್ದು ಕಾಣುವಷ್ಟು ಅನ್ಯಾಯದ್ದು, ಆದುದರಿಂದ ಲಕ್ಷ್ಯಕ್ಕೆ ಬಾರದ್ದು ಎಂದು ಆಕೆಯ ತೀರ್ಪು. ಬರ್ಲಿನ್ನಿನವರು ಒಂದು ವರ್ಷ ಕಂಚಿನ ಪದಕವನ್ನೂ ಮರುವರ್ಷ ಚಿನ್ನದ ಪದಕವನ್ನೂ ಕೊಟ್ಟರೆಂದು ಅದಕ್ಕೆ ಉತ್ತರ ಕೊಡುತ್ತಾಳೆ. ಪದಕವು ಟೀಕೆಗೆ ಉತ್ತರವಾದೀತೆ? ಆ ಪತ್ರಿಕೆ 1865ರಲ್ಲಿ ಬರೆದದ್ದು ಬರಿಯ ನಿಂದೆಯಲ್ಲ. ಆಕೆಯ ಸ್ವಂತಿಕೆಯ ಧೈರ್ಯವನ್ನು ಅದು ಒಪ್ಪಿತು. ಆದರೆ ಆ ಧೈರ್ಯಕ್ಕಾಗಿ ಛಾಯಾಚಿತ್ರದ ಉಳಿದ ಗುಣಗಳೆಲ್ಲ ಬಲಿಯಾದುವೆಂದು ಆಕ್ಷೇಪಿಸಿತು. ಒಪ್ಪಿಗೆಯ ಅರ್ಧವನ್ನು ‘ವೃತ್ತಾಂತ’ವು ನಮಗೆ ತಿಳಿಸುವುದಿಲ್ಲ.

ಸಂಘದವರ ತಪ್ಪು ಬೇರೆ ಕಡೆ ಇದೆ. ಫಲಕದ ಮೇಲಿನ ಬೆರಳ ಗುರುತು, ಧೂಳು, ದ್ರಾವಣ ಹರಿದ ಗೆರೆ, ಲೇಪದ ಬಿರುಕು, ಇವು ಕೈಕೆಲಸದ ದೋಷಗಳು. ಮುಖವನ್ನು ಮಸುಕಾಗಿಯೇ ಬಿಟ್ಟದ್ದು ದೃಷ್ಟಿಯ ವಿಷಯ. ಆಕೆಯ ಮೊದಲ ಮಸೂರದಲ್ಲಿ ಬೇರೆ ಬೇರೆ ಬಣ್ಣದ ಕಿರಣಗಳು ಒಂದೇ ಸ್ಥಾನದಲ್ಲಿ ಕೂಡುತ್ತಿರಲಿಲ್ಲ. ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಫಲಕದಲ್ಲಿ ಸ್ಪಷ್ಟವಾಗುವ ಭರವಸೆ ಇರಲಿಲ್ಲ. ಎದುರಿಗೆ ಕುಳಿತವರು ಮಿನಿಟುಗಟ್ಟಲೆ ಅಲುಗದೆ ಇರಬೇಕಾಗಿತ್ತು. ಹೀಗೆ ಮಸುಕಿನಲ್ಲಿಯೂ ಉಪಕರಣದ ಪಾಲೆಷ್ಟು, ಇಷ್ಟದ ಪಾಲೆಷ್ಟು ಎಂದು ಬಿಡಿಸಬೇಕಾಗಿತ್ತು. ಟೀಕಾಕಾರರು ಬಿಡಿಸಲಿಲ್ಲ; ಕಾಳನ್ನೂ ಜೊಳ್ಳನ್ನೂ ಒಂದೇ ಮೊರದಲ್ಲಿ ಹಾಕಿ ಮುಂದಿಟ್ಟರು. ಆಕೆಯೂ ಕೇರುವ ಗೋಜಿಗೆ ಹೋಗದೆ ಮೊರವನ್ನೇ ಎತ್ತಿ ಎಸೆದಳು.

ಎಸೆದುದಕ್ಕೆ ಕಾರಣವಿಲ್ಲದಿಲ್ಲ. ಕಾರ್ಲೈಲನಂಥ ಮಹನೀಯರು ಕ್ಯಾಮರಾದ ಮುಂದೆ ಕುಳಿತಾಗ ಹೊರಗಿನ ಚಹರೆಯೊಡನೆ ಒಳಗಿನ ಹಿರಿಮೆಯನ್ನೂ ಹಿಡಿಯಬೇಕೆಂದು ತನ್ನ ಆತ್ಮವೆಲ್ಲ ಹವಣಿಸುತ್ತಿತ್ತು, ಹೀಗೆ ತೆಗೆದ ಚಿತ್ರವು ಪ್ರಾರ್ಥನೆಯೇ ಮೈತಳೆದಂತೆ ಎಂದು ಆಕೆ ಬರೆಯುತ್ತಾಳೆ. ಯಾರ ಕೃತಿ ಅವರ ಪ್ರಾರ್ಥನೆಯೂ ಆಗಿದೆಯೋ ಅವರಿಗೆ ‘ಫೋಕಸ್ ಸರಿಯಿಲ್ಲ’ ಎಂಬ ಮಾತು ‘ನಿನ್ನ ಭಕ್ತಿ ಸರಿಯಿಲ್ಲ’ ಎಂದು ಕೇಳಿಸುತ್ತದೆ. 1864ರ ಕೊನೆಯಲ್ಲಿ ವಿಜ್ಞಾನಿ ಹರ್ಷಲನಿಗೆ ಬರೆದ ಪತ್ರದಲ್ಲಿ ಆಕೆ, ಫೋಕಸ್ ಎಂದರೇನು, ಇದೇ ಸರಿಯಾದ ಫೋಕಸ್ ಎಂದು ವಿಧಿಸುವ ಅಧಿಕಾರ ಯಾರದು ಎಂದು ಕೇಳುತ್ತಾಳೆ. ಪ್ರಶ್ನೆ ಒಳ್ಳೆಯದೇ. ಬಿರುಕಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ಕೇಳಲಾಗದು. ಇದು ಆಕೆಗೂ ಗೊತ್ತಿತ್ತು. ತನ್ನ ಫಲಕಗಳ ಲೇಪ ಜೇನುಹಲ್ಲೆಯಂತೆ ಬಿರಿಯತೊಡಗಿದಾಗ 1869ರಲ್ಲಿ ಆಕೆ ಸಲಹೆ ಕೇಳಿದ್ದು ಅದೇ ಛಾಯಾಚಿತ್ರ ಸಂಘದ ಸದಸ್ಯರನ್ನು! ಐದು ವರ್ಷಗಳ ಮೇಲೆ ಬರೆದ ‘ವೃತ್ತಾಂತ’ದಲ್ಲಿ ಈ ಸಂಗತಿಗೆ ಎಡೆಯಿಲ್ಲ. ಬರಹದ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ. ಆ ಭೇಟಿಯನ್ನೂ ಬರೆದಿದ್ದರೆ ನಮಗೆ ಒಬ್ಬ ಕಲಾವಿದೆಯ ಜೊತೆಗೆ ಒಬ್ಬ ವಿದ್ಯಾರ್ಥಿನಿಯೂ ಪೂರ್ತಿಯಾಗಿ ದೊರೆಯುತ್ತಿದ್ದಳು.

‘ಆಲಿಸ್’ ಕಥೆಯ ಕರ್ತೃ ಲೂಯಿ ಕ್ಯಾರೊಲ್ ಕೂಡ ಛಾಯಾಚಿತ್ರಗಾರ. ಆತ 1864ರಲ್ಲಿ ಆಕೆಯ ಚಿತ್ರಗಳನ್ನು ನೋಡಿ, ಕೆಲವು ಬಹು ಸೊಗಸು, ಕೆಲವು ಕೇವಲ ವಿಕಾರ ಎಂದು ಮನೆಯವರಿಗೆ ಪತ್ರ ಬರೆದನು. ವಿನೋದದ ಮಾತಾಯಿತೇ ಹೊರತು ಕಲಿಯುವವರಿಗೆ ಅದರಿಂದ ಏನೂ ದಕ್ಕದು.

ದಕ್ಕುವಂಥ ಮಾತನ್ನಾಡಿದವನು ವರ್ಣಚಿತ್ರಕಾರ ವಾಟ್ಸ್. ಬೆಲೆಬಾಳುವ, ರಟ್ಟಿಗೆ ಅಂಟಿಸಿದ ಪ್ರತಿಗಳನ್ನು ಕಳಿಸಬೇಡ, ಕೆಟ್ಟ ಪ್ರತಿಗಳನ್ನೇ ಕಳಿಸು, ಅವುಗಳಿಂದಲೂ ನಾನು ಅಷ್ಟೇ ಚೆನ್ನಾಗಿ ತೀರ್ಮಾನಿಸಬಲ್ಲೆ ಎಂದು ಆತ ಬರೆದನು. ಮತ್ತೊಂದು ಪತ್ರದಲ್ಲಿ ಮುಖಗಳನ್ನು ದಿವ್ಯವೆಂದು ಹೊಗಳಿ, ಮೊಮ್ಮಗುವಿನ ಚಿತ್ರ ತೆಗೆಯುವುದಾದರೆ ಅದಕ್ಕೆ ಹಳದಿ ಛಾಯೆಯ ಬಟ್ಟೆಯಲ್ಲಿ ಒಂದು ಅಂಗಿ ಹೊಲಿಸು, ಆಕಾರವಿಲ್ಲದ ಬಿಳಿಯ ಕಲೆ ಚಿತ್ರವನ್ನೆಲ್ಲ ಕೆಡಿಸುತ್ತದೆ ಎಂದನು. ಅಂದಿನ ಕೊಲೋಡಿಯನ್ ಫಲಕಗಳು ನೀಲಿ, ನೇರಿಳೆಯ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದುವು. ಹಳದಿಗೆ ಬಹು ಕಡಿಮೆ. ಬಿಳಿಯ ಅಂಗಿ ಮಡಿಕೆಗಳಿಲ್ಲದೆ ಸುಣ್ಣದ ಗೋಡೆಯಂತೆ ಬೀಳುತ್ತಿತ್ತು. ಹಳದಿಯದು ಮಬ್ಬಾಗಿ ಮಡಿಕೆಗಳನ್ನು ತೋರಿಸುತ್ತಿತ್ತು. ಈ ಸಲಹೆಯಲ್ಲಿ ಆಕೆಯ ದೃಷ್ಟಿಯನ್ನು ಮುಟ್ಟುವ ಮಾತು ಒಂದೂ ಇಲ್ಲ. ದರ್ಜಿಗೆ ಹೇಳಿ ಮಾಡಿಸಬಹುದಾದ ಸಲಹೆ ಅದು! ‘ನನ್ನ ಊರು’ ಎಂದು ಹುಡುಗಿ ಮನಸ್ಸಿಟ್ಟು ಬರೆದ ಪ್ರಬಂಧದ ಕೆಳಗೆ ಕೆಂಪು ಶಾಯಿಯಲ್ಲಿ ‘ಸುಧಾರಿಸಬೇಕು’ ಎಂದು ಬರೆಯುವ ನಮ್ಮ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಏನನ್ನು ಸುಧಾರಿಸಬೇಕು, ಕಾಗುಣಿತವನ್ನೋ ಊರನ್ನೋ, ಎಂದು ಆ ಹುಡುಗಿ ಯಾರನ್ನು ಕೇಳಬೇಕು?

ಬರಹದಲ್ಲಿ ಒಬ್ಬ ಮಹಿಳೆಯ ಪತ್ರದ ಪ್ರಸ್ತಾಪ ಬರುತ್ತದೆ. ತಾನು ಸ್ವಂತ ಗಾಡಿಯಲ್ಲಿ ಬರುವವಳು, ಆದುದರಿಂದ ತನ್ನ ಉಡುಪು ಸುಕ್ಕಾಗದೆ ಬರುವುದೆಂಬ ಭರವಸೆಯನ್ನು ಕೊಟ್ಟು, ತನ್ನ ಚಿತ್ರವನ್ನು ತೆಗೆಯಬೇಕೆಂದು ಆಕೆ ಕೇಳಿದ್ದಳು. ತಾನು ಹಣಕ್ಕಾಗಿ ಚಿತ್ರ ತೆಗೆಯುವವಳಲ್ಲವೆಂದು ಕ್ಯಾಮರನ್ ಉತ್ತರಿಸಿದಳು. ತೆಗೆಯುವಂತಿದ್ದರೂ ಉಡುಪು ಬಹಳ ಸುಕ್ಕಾಗಿರುವುದನ್ನೇ ತಾನು ಬಯಸುತ್ತಿದ್ದೆನೆಂದೂ ಸೇರಿಸಿದಳು.