ನೆಲದ ಹಕ್ಕಿಗೆ ನೆಲ ಕೊಡಿ

ಈ ವಾರ ಗೌಜಲಕ್ಕಿ ಮರಿಗಳ ಆಹಾರದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಓದುಗರೊಬ್ಬರು ತಮ್ಮ ಹಿತ್ತಲಲ್ಲಿ ಹೊಸದಾಗಿ ಕಟ್ಟಿಸಿದ ಗೌಜಲಕ್ಕಿ ಗೂಡಿನ ಚಿತ್ರ ಕಳಿಸಿದರು. ಅರ್ಧ ಇಂಚಿನ ಗಟ್ಟಿ ಜಾಲರಿ, ಭದ್ರವಾದ ಬಾಗಿಲು, ಎಲ್ಲ ಚೆನ್ನಾಗಿದೆ. ಚಾವಣಿ ಮಾತ್ರ ನಾಲ್ಕಡಿ ಎತ್ತರ. ಗೌಜಲಕ್ಕಿಗೆ ಇದಕ್ಕಿಂತ ಅಪಾಯದ ಎತ್ತರ ಇನ್ನೊಂದಿಲ್ಲ. ಆಹಾರದ ಮಾತು ಇನ್ನೊಂದು ವಾರ ಕಾಯಲಿ.

ಯಾರಾದರೂ ತೀರ ಹತ್ತಿರ ಬರುವ ತನಕ ಮಣ್ಣಿಗಂಟಿ ಅಡಗಿ ಕೂತು, ಕೊನೆಗೆ ಭರ್ರೆಂದು ನೆಟ್ಟಗೆ ಮೇಲಕ್ಕೆ ಚಿಮ್ಮುವುದು ಈ ಹಕ್ಕಿಯ ಹುಟ್ಟುಗುಣ. ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿ ಬೆಳೆದ ಜಪಾನಿ ಗೌಜಲಕ್ಕಿಯೂ ಅದನ್ನು ಬಿಟ್ಟಿಲ್ಲ. ರಾತ್ರಿ ಹೊರಗೆ ಬೆಕ್ಕು ಸುಳಿದರೆ ಸಾಕು, ಇಡೀ ಗುಂಪು ಕತ್ತಲಲ್ಲೇ ಎದ್ದುಬಿಡುತ್ತದೆ. ಚಾವಣಿ ಒಂದಡಿಯೊಳಗೆ ಇದ್ದರೆ ಚಿಮ್ಮುವುದಕ್ಕೆ ವೇಗವೇ ಸಿಗುವುದಿಲ್ಲ. ಏಳಡಿ ಇದ್ದರೆ ರಭಸ ತಗ್ಗಿ ಪಕ್ಕಕ್ಕೆ ವಾಲಲು ಜಾಗ ಸಿಗುತ್ತದೆ. ಮೂರು ನಾಲ್ಕಡಿಯಲ್ಲಾದರೆ ತುಂಬು ರಭಸದಲ್ಲಿ ತಲೆ ತಂತಿಗೆ ಬಡಿದು ನೆತ್ತಿಯ ಚರ್ಮ ಸುಲಿಯುತ್ತದೆ, ಕತ್ತು ಮುರಿದರೂ ಮುರಿದೀತು. ನೀವು ಒಳಗೆ ನಿಂತು ಗುಡಿಸುವಷ್ಟು ಎತ್ತರ ಮಾಡಿಸಿ. ಚಾವಣಿಯಿಂದ ಅರ್ಧ ಅಡಿ ಕೆಳಗೆ ಶೇಡ್ ನೆಟ್ ಅನ್ನು ಸಡಿಲವಾಗಿ ಕಟ್ಟಿಸಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಚಿತ್ರವನ್ನು ಮತ್ತೆ ನೋಡಿದಾಗ ತಳ ಕಣ್ಣಿಗೆ ಬಿತ್ತು. ಅದೂ ತಂತಿ! ತಂತಿ ತಳದೊಡನೆ ನನ್ನ ಜಗಳ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು.

ತಂತಿ ತಳದವರ ವಾದವನ್ನು ಮೊದಲು ಕೇಳೋಣ. ಹಿಕ್ಕೆ ಕೆಳಗೆ ಬೀಳುತ್ತದೆ, ಕರುಳಿನ ರೋಗ ಕಡಿಮೆ, ಮೊಟ್ಟೆ ಆಯುವುದು ಸುಲಭ. ಮೂರೂ ನಿಜ. ಈ ಹಕ್ಕಿ 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ನಮ್ಮ ದೇಶದ ಇಜ್ಜತ್‌ನಗರಕ್ಕೆ ಬಂದದ್ದೇ ಮೊಟ್ಟೆ, ಮಾಂಸಕ್ಕಾಗಿ. ಆರೇಳು ವಾರಕ್ಕೆ ಮೊಟ್ಟೆಗೆ ಬರುವ ಹಕ್ಕಿಯನ್ನು ಚದರಡಿಗೆ ಐದಾರರಂತೆ ತುಂಬುವ ಲೆಕ್ಕ ಉದ್ಯಮದ್ದು. ಆ ಲೆಕ್ಕವನ್ನು ಹಿತ್ತಲಿಗೆ ತಂದು, ಹತ್ತು ಹಕ್ಕಿ ಸಾಕುವವರಿಗೂ ಅದೇ ಸರಿಯೆಂದು ಮಾರುತ್ತಾರಲ್ಲ, ನನ್ನ ತಕರಾರು ಅಲ್ಲಿದೆ. ಕೊಂಬೆಯ ಮೇಲೆ ಕೂರದ, ಹಗಲಿರುಳೂ ಅಂಗಾಲಿನ ಮೇಲೇ ಬದುಕುವ ಹಕ್ಕಿಯನ್ನು ತಂತಿಯ ಮೇಲೆ ನಿಲ್ಲಿಸಿದರೆ ಅಂಗಾಲು ಹುಣ್ಣಾಗಿ ಬಾಯುತ್ತದೆ, ಉಗುರು ಸಿಕ್ಕಿಕೊಂಡು ಹರಿಯುತ್ತದೆ.

ಕಾಲಡಿಯ ನೆಲ ಈ ಹಕ್ಕಿಗೆ ಎಷ್ಟು ಮುಖ್ಯವೆಂಬುದಕ್ಕೆ ಆಕಾಶದಿಂದಲೇ ಸಾಕ್ಷಿ ಸಿಕ್ಕಿದೆ. 1990ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟದ ಮಿರ್ ನಿಲ್ದಾಣದಲ್ಲಿ ಜಪಾನಿ ಗೌಜಲಕ್ಕಿಯ ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು. ಬಾಹ್ಯಾಕಾಶದಲ್ಲಿ ಹುಟ್ಟಿದ ಮೊದಲ ಹಕ್ಕಿಗಳು ಅವು. ತೂಕವಿಲ್ಲದ ಆ ಸ್ಥಿತಿಯಲ್ಲೂ ಮೊಟ್ಟೆಯೊಳಗೆ ಬೆಳೆದು ಬಂದವು. ಹೊರಗೆ ಬಂದ ಮೇಲೆ ಕಾಲೂರಲು ಏನೂ ಸಿಗಲಿಲ್ಲ. ತೇಲುತ್ತ, ತಿರುಗುತ್ತ, ತಾವಾಗಿ ತಿನ್ನಲಾರದೆ ಹೋದವು. ಇಲ್ಲಿ ನಮ್ಮ ಕಣ್ಣೆದುರು ಹುಟ್ಟುವ ಮರಿ ಕೆಲವೇ ಗಂಟೆಗಳಲ್ಲಿ ಎದ್ದು ಓಡಾಡುತ್ತ ಕಾಳು ಕುಕ್ಕುತ್ತದೆ.

ಈ ಹಕ್ಕಿ ಮಣ್ಣಿನಲ್ಲಿ ಮೀಯುವುದನ್ನು ಹತ್ತಿರ ಕೂತು ನೋಡಿದವರು ತಂತಿಯ ಪರ ಮಾತಾಡಲಾರರು. ಹೆಣ್ಣು ಮೊದಲು ಕೊಕ್ಕಿನಿಂದ ಮಣ್ಣನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎದೆ ಒತ್ತಿ ಕೂತು, ಗರಿ ಬಿಡಿಸಿ, ಕಾಲಿನಿಂದ ರೆಕ್ಕೆಯಡಿಗೆ ಧೂಳು ಎರಚಿಕೊಳ್ಳುತ್ತದೆ. ಒಂದು ಮಗ್ಗುಲಿಗೆ ಉರುಳಿ, ಕಾಲು ಚಾಚಿ, ಕಣ್ಣು ಅರೆಮುಚ್ಚಿ ಹಾಗೇ ಬಿದ್ದಿರುತ್ತದೆ. ಹೊಸಬರು ಸತ್ತಿತೆಂದು ಗಾಬರಿಯಾಗುವುದುಂಟು. ಆಮೇಲೆ ಎದ್ದು ಮೈ ಕೊಡವಿತೆಂದರೆ ಧೂಳೋ ಧೂಳು. ಗರಿಯ ಜಿಡ್ಡು, ಹೇನು ಹೋಗುವುದು ಹೀಗೆಯೇ.

ನಮ್ಮ ನಾಡಿಗೆ ಗೌಜಲಕ್ಕಿಯ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥವೇ ಅದಕ್ಕೆ ಸಾಕ್ಷಿ. ಅದರ ವಿನೋದವಿಂಶತಿ ಎಂಬ ಭಾಗದಲ್ಲಿ ಹುಂಜ, ಟಗರು, ಕೋಣಗಳ ಕಾಳಗದ ಜೊತೆಗೆ ಲಾವಕದ, ಅಂದರೆ ಗೌಜಲಕ್ಕಿಯ, ಕಾಳಗಕ್ಕೂ ಜಾಗವಿದೆ. ಅರಮನೆ ಈ ಪುಟ್ಟ ಹಕ್ಕಿಯನ್ನು ಸಾಕಿದ್ದು ಕಾದಾಡಿಸಲಿಕ್ಕೆ. ಆ ಕೆಚ್ಚು ಇಂದಿನ ಗಂಡುಗಳಲ್ಲೂ ಇದೆ: ಒಂದೇ ಗೂಡಿನಲ್ಲಿ ಎರಡು ಗಂಡು ಬಿಟ್ಟರೆ ತಲೆ ಕುಕ್ಕಿ ರಕ್ತ ಬರಿಸುತ್ತವೆ. ಗಂಡೊಂದಕ್ಕೆ ಕನಿಷ್ಠ ಮೂರು ಹೆಣ್ಣು ಬೇಕು. ಎದೆಯ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು, ಚುಕ್ಕೆಯಿಲ್ಲದ ಇಟ್ಟಿಗೆ ಬಣ್ಣವಾದರೆ ಗಂಡು. ಹೊಲದ ಬುರ್ಲಿಯನ್ನು, ಅಂದರೆ ಕಾಡು ಗೌಜಲಕ್ಕಿಯನ್ನು, ಹಿಡಿದು ತಂದು ಜೋಡಿ ಮಾಡುವ ಆಸೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಮತ್ತೆ ನೆಲದ ಮಾತಿಗೆ ಬರೋಣ. ನೆಲವೆಂದರೆ ಕೆಸರು ನೆಲವಲ್ಲ. ರೋಗ ಬರುವುದು ತೇವದಿಂದ. ಗೂಡಿನ ಅರ್ಧಕ್ಕಾದರೂ ಮಳೆ ನೀರು ತಾಗದಂತೆ ಶೀಟು ಹೊದಿಸಿ, ನೆಲವನ್ನು ಜಗಲಿಯಷ್ಟು ಎತ್ತರಿಸಿ. ಹೆಗ್ಗಣ ಕೊರೆದು ಬಾರದಂತೆ ಜಾಲರಿಯನ್ನು ನೆಲದೊಳಕ್ಕೂ ಇಳಿಸಿ. ಮೇಲೆ ಭತ್ತದ ಹೊಟ್ಟು, ಒಣಮರಳು. ಬಿಸಿಲು ಬೀಳುವ ಕಡೆ ಲಾವಂಚವನ್ನೋ ಮಜ್ಜಿಗೆ ಹುಲ್ಲನ್ನೋ ನೆಡಿ. ಕಾವು ಕೂರುವ ಅಭ್ಯಾಸ ಈ ತಳಿಯಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಹಾಗಿದ್ದೂ ಹುಲ್ಲಿನ ಬುಡದಲ್ಲಿ ಮರೆ ಸಿಕ್ಕಾಗ ಅಪರೂಪಕ್ಕೊಂದು ಹೆಣ್ಣು ಕೆದಕಿ, ಕೂತು, ಹದಿನೇಳು ಹದಿನೆಂಟು ದಿನಕ್ಕೆ ಮರಿ ಎಬ್ಬಿಸುತ್ತದೆ. ತಂತಿಯ ಮೇಲೆ ಅದು ಆಗುವ ಮಾತಲ್ಲ.

ತಂತಿ ಗೂಡು ಈಗಾಗಲೇ ಕೊಂಡಿದ್ದರೆ ಮುಕ್ಕಾಲು ಪಾಲು ತಳಕ್ಕೆ ಹಲಗೆ ಹಾಸಿ ಹೊಟ್ಟು ಹರಡಿ. ಮೂಲೆಯಲ್ಲಿ ಅಗಲವಾದ ಟ್ರೇ ಇಟ್ಟು ಜರಡಿ ಹಿಡಿದ ಕೆಮ್ಮಣ್ಣು, ಮರಳು, ಒಂದಿಷ್ಟು ಒಲೆಬೂದಿ ಕಲಸಿ ತುಂಬಿ. ಅದರಲ್ಲಿ ಹಿಕ್ಕೆಯೂ ಬೀಳುತ್ತದೆ, ಮೊಟ್ಟೆಯೂ ಬೀಳುತ್ತದೆ; ದಿನಾ ಕೈಯಾಡಿಸಿ ನೋಡಿ, ಒದ್ದೆಯಾದ ಮಣ್ಣನ್ನು ಅಂದೇ ಬದಲಿಸಿ.